ಮೊದಲನೇ ಲೋಟ

ಅಪ್ಪನ ನೀರಿನ ಟ್ಯಾಂಕರ್‌ನಲ್ಲಿ ಯಾರೂ ಕೊಡದ ಹುದ್ದೆಯೊಂದನ್ನು ನಾನೇ ವಹಿಸಿಕೊಂಡಿದ್ದೆ: ಮಾತಾಡುವುದು. ಬೇಗೂರಿನ ಹತ್ತಿರವಿದ್ದ ನಮ್ಮ ಹೊಲವೆಲ್ಲ ಸೈಟುಗಳಾಗಿ, ಉಳಿದದ್ದು ಬಾವಿಯೊಂದೇ. ಅದರ ನೀರನ್ನು ಅಪ್ಪ ಬಿಟಿಎಂ ಲೇಔಟಿನ ಮನೆಗಳಿಗೆ ಮಾರುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ನಾನು ಆ ಬೇಸಿಗೆಯಿಡೀ ಡ್ರೈವರ್ ಪಕ್ಕ ಕೂತು ಮನೆಮನೆಗೂ ನೀರಿನ ಮಹಿಮೆ ಸಾರಿದೆ. ನನ್ನ ಪ್ರಕಾರ ಅದನ್ನು ಕುಡಿದ ಬೋಳುತಲೆಗಳಲ್ಲಿ ಕೂದಲು ಬಂದಿತ್ತು, ಎಮ್ಮೆಯೊಂದು ಅವಳಿ ಹೆತ್ತಿತ್ತು.

ಹುಬ್ಬಳ್ಳಿ ಕಡೆಯಿಂದ ಬಂದು ಬಾಡಿಗೆಗಿದ್ದ ಆಂಟಿಯೊಬ್ಬರು ಒಂದು ದಿನ ಸಂಪಿನ ಮುಚ್ಚಳ ತೆಗೆಯುತ್ತಾ ಕೇಳಿದರು. ಕಂಕುಳಲ್ಲಿ ಆರು ತಿಂಗಳ ಕೂಸಿತ್ತು.

"ತಮ್ಮಾ, ಕೂಸಿಗೆ ಕುಡಸಬಹುದಲ್ಲಾ ಇದನ್ನ?"

"ಏನ್ ಆಂಟಿ ಹಿಂಗ್ ಕೇಳ್ತೀರಾ! ನಾಳೇನೇ ಎದ್ದು ಓಡಾಡುತ್ತೆ ನೋಡಿ."

ಸಂಪು ತುಂಬಿಸಿ ಹೊರಟು ಎರಡು ರಸ್ತೆ ದಾಟಿದ ಮೇಲೆ ಡ್ರೈವರ್ ಅಣ್ಣ ಕೇಳಿದ: "ಕುಡಿಯೋಕಲ್ಲ ಅಂತ ಹೇಳಿದೆ ತಾನೆ?"

"ಯಾಕೆ?"

"ಬಾವಿ ಮೋಟರ್ ಕೆಟ್ಟಿದೆ, ಇದು ಕೆರೆ ನೀರು, ಬಟ್ಟೆಗೆ ಪಾತ್ರೆಗೆ ಅಷ್ಟೇ ಅಂತ ಬೆಳಿಗ್ಗೇನೇ ಹೇಳಿದ್ನಲ್ಲೋ! ನೀನು ಆಗ ಎಮ್ಮೆ ಕಥೆ ಕುಯ್ತಿದ್ದೆ."

ಆ ಕೆರೆಗೆ ಯಾವ್ಯಾವ ಮೋರಿ ಸೇರುತ್ತದೆಂದು ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಅಪ್ಪ ನನ್ನ ಚರ್ಮ ಸುಲಿದು ಟ್ಯಾಂಕರಿಗೆ ಕವರ್ ಹೊಲಿಸುತ್ತಾರೆ.

"ನಿಲ್ಸಣ್ಣಾ!"

ಇಳಿದು ಓಡಿದೆ. ಒಂದು ನಾಯಿ ಅಟ್ಟಿಸಿಕೊಂಡು ಬಂತು. ಅದಕ್ಕೆ ಹೆದರಲು ಪುರುಸೊತ್ತಿರಲಿಲ್ಲ. ಮನೆ ಹತ್ತಿರವಾದಂತೆ ಕೂಸಿನ ಸದ್ದೇ ಕೇಳಿಸದೆ ಇನ್ನೂ ಜೋರಾಗಿ ಓಡಿದೆ.

ಬಾಗಿಲು ತೆರೆದಿತ್ತು. ಆಂಟಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಕುಡಿಸುವ ಒಳಲೆಯ ಮೂತಿಯನ್ನು ಅದರ ಬಾಯಿಗಿಡುತ್ತಿದ್ದರು.

"ಬೇಡಾ ಆಂಟಿ!"

ಒಳಲೆ ಕೈಜಾರಿ ಉರುಳಿತು. ಕೂಸು ಬೆಚ್ಚಿ ಕಿರುಚಿತು. ಅಷ್ಟು ಇಂಪಾದ ಅಳುವನ್ನು ನಾನು ಇವತ್ತಿಗೂ ಕೇಳಿಲ್ಲ.

"ಅದು ಕೆರೆ ನೀರು ಆಂಟಿ. ಗೊತ್ತಿಲ್ದೇನೇ ಹೇಳ್ಬಿಟ್ಟೆ."

ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಸೆರಗಿನಿಂದ ಕೂಸಿನ ತುಟಿ ಒರೆಸಿದರು, ಮತ್ತೆ ಒರೆಸಿದರು.

"ನೀ ಅಷ್ಟ ಹೇಳಿದಿ ಅಂತ ಇವತ್ತ ಕಾಸೂದೂ ಬಿಟ್ಟಿದ್ದೆ ನೋಡು. ಇನ್ನ ಮುಂದ ಮೊದಲನೇ ಲೋಟಾ ನೀ ಕುಡೀಬೇಕು, ನನ್ನ ಮುಂದ."

ಆ ಸಂಪನ್ನು ಬಕೆಟ್ಟಿನಲ್ಲಿ ಖಾಲಿ ಮಾಡಿದವನು ನಾನೇ. ಸಂಜೆ ಅಪ್ಪನಿಗೂ ನಾನೇ ಹೇಳಿದೆ. ಅವರ ಅಂಗೈಯ ಅಗಲದ ಬಗ್ಗೆ ಮಾತ್ರ ಉತ್ಪ್ರೇಕ್ಷೆಯ ಅಗತ್ಯವಿಲ್ಲ.

ಮೋಟರ್ ರಿಪೇರಿಯಾದ ಮೇಲೆ ಮತ್ತೆ ಹೋದೆವು. ಆಂಟಿ ಸ್ಟೀಲ್ ಲೋಟ ತುಂಬಿ ನನ್ನ ಕೈಗಿಟ್ಟರು. ನಾನು ಡ್ರೈವರ್ ಕಡೆ ತಿರುಗಿದೆ.

"ಅಣ್ಣಾ, ಬಾವೀದೇ ತಾನೆ?"

"ಹೂಂ ಕಣೋ."

"ನೀನೇ ನಿಂತು ತುಂಬಿಸಿದ್ಯಾ?"

"ಹೂಂ, ಕುಡಿ ಮಗಾ."

"ಟ್ಯಾಂಕರ್ ತೊಳೆದಿದ್ರಾ?"

ಆಂಟಿ ನನ್ನನ್ನೇ ನೋಡಿದರು. "ಇಷ್ಟ ಅವತ್ತ ಕೇಳಿದ್ದರ ಸಾಕಿತ್ತಲ್ಲೋ ತಮ್ಮಾ."

ಕಣ್ಣು ಮುಚ್ಚಿ ಕುಡಿದೆ. ರುಚಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಈಗ ಆ ಮೂರು ಪ್ರಶ್ನೆಗಳನ್ನು ಬಾವಿಯ ಹತ್ತಿರವೇ ಕೇಳಿ, ಒಂದು ಲೋಟ ಕುಡಿದ ಮೇಲೆಯೇ ಟ್ಯಾಂಕರ್ ಹತ್ತುತ್ತೇನೆ. ಎಮ್ಮೆಯ ಕಥೆಯನ್ನು ನೀರು ಕೊಳ್ಳದವರಿಗೆ ಮಾತ್ರ ಹೇಳುತ್ತೇನೆ.