ದೋಣಿಯ ತಳಕ್ಕೆ ತೂತು ಕೊರೆಯುವ ರೋಜೆನ್

ಬೆಳಗಿನ ಆರೂವರೆ. ಫ್ರಾನ್ಸಿನ ಬ್ರಿತಾನಿ ಕರಾವಳಿಯ ಲಾನೆಕ್ ದೋಣಿ ಯಾರ್ಡಿನಲ್ಲಿ, ಊರುಗೋಲುಗಳ ಮೇಲೆ ನಿಲ್ಲಿಸಿದ ಹಾಯಿದೋಣಿಯ ಹೊಟ್ಟೆಯಡಿ ಐವತ್ತೆಂಟರ ಮಹಿಳೆ ರೋಜೆನ್ ಕೆರ್ಬ್ರಾ ಅಂಗಾತ ಮಲಗಿದ್ದಾರೆ. ಕೈಯಲ್ಲಿ ಡ್ರಿಲ್. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಒಂದು ಹನಿಯೂ ಸೋರದ ದೋಣಿಯ ತಳಕ್ಕೆ ಐವತ್ತೊಂದು ಮಿಲಿಮೀಟರ್ ಅಗಲದ ತೂತು ಕೊರೆಯುವುದು ಅವರ ಕಸುಬು.

ಆ ತೂತಿನಲ್ಲಿ ಕೂರುವುದು ಆಳ ಅಳೆಯುವ ಸಾಧನ. ಅದು ಕಳಿಸಿದ ಸದ್ದು ಸಮುದ್ರದ ತಳಕ್ಕೆ ಬಡಿದು ಮರಳಲು ಹಿಡಿಯುವ ಹೊತ್ತೇ ಆಳದ ಲೆಕ್ಕ. ಸಮುದ್ರದ ಇಳಿತಕ್ಕೆ ಆರು ಗಂಟೆಯಲ್ಲಿ ಎಂಟು ಮೀಟರ್ ನೀರು ಇಳಿದುಹೋಗುವ ಕೊಲ್ಲಿ ಇದು. ರೋಜೆನ್‌ರ ಅಪ್ಪನ ದೋಣಿ ಬಂಡೆಗೆ ಬಡಿದು ಒಡೆದದ್ದು ಇಲ್ಲಿಯೇ. ಮೂವತ್ತೊಂದು ವರ್ಷ, ವಾರಕ್ಕೆ ಎರಡು ತೂತು. ಈಗ ಕೊರೆದಾಗ ಹಾರುವ ಗಾಜುನಾರಿನ, ಅಂದರೆ ಫೈಬರ್‌ಗ್ಲಾಸಿನ, ಪುಡಿಗೆ ಕೆಮ್ಮು ಬಿಡದು, ಬಲಭುಜ ಪೂರ್ತಿ ಏಳದು.

"ಬೇಗ ಮುಗಿಸು ರೋಜೆನ್. ಶನಿವಾರ ಮೊಮ್ಮಗಳ ಜೊತೆ ಅಟ್ಲಾಂಟಿಕ್ ನಡುವಿನ ಅಸೋರ್ಸ್ ದ್ವೀಪಗಳಿಗೆ ಹೊರಡ್ಬೇಕು," ಎನ್ನುತ್ತಾರೆ ದೋಣಿಯ ಮಾಲೀಕ ಹೆರ್ವೆ ಮಾದೆಕ್, ಭೂಗೋಳದ ನಿವೃತ್ತ ಶಿಕ್ಷಕರು. "ಒಂಬತ್ತು ವರ್ಷದಲ್ಲಿ ಒಂದು ಹನಿ ಒಳಗೆ ಬಂದಿಲ್ಲ, ಗೊತ್ತಾ?"

"ಪಾಠ ಆಮೇಲೆ ಮಾಡಿ ಮೇಷ್ಟ್ರೇ. ಬೆಳಕಿಗೆ ಅಡ್ಡ ನಿಂತಿದ್ದೀರಿ."

ಈ ದೋಣಿಯ ತಳ, ಗಾಜುನಾರಿನ ಎರಡು ಪದರಗಳ ನಡುವೆ ಹಗುರ ಮರವಿಟ್ಟು ಮಾಡಿದ್ದು. ಹೊರಪದರ ದಾಟಿದೊಡನೆ ಮರದ ತಿಳಿಹಳದಿ ಪುಡಿ ಉದುರಬೇಕು. ಉದುರುವುದಿಲ್ಲ. ರೋಜೆನ್ ಡ್ರಿಲ್ ಹೊರಗೆಳೆದದ್ದೇ ತಡ, ಹುಳಿ ನಾತದ ಕಪ್ಪು ನೀರು ಅವರ ಮುಖಕ್ಕೆ ಸುರಿಯುತ್ತದೆ. ದೋಣಿ ನೆಲಕ್ಕೆ ಬಂದು ಏಳು ತಿಂಗಳು. ಆದರೂ ನೀರು ನಿಲ್ಲುತ್ತಿಲ್ಲ. ಇದು ವರ್ಷಗಳಿಂದ ಪದರಗಳ ನಡುವೆ ಸೇರಿಕೊಂಡ ನೀರು.

"ಏನ್ ಮಾಡ್ಬಿಟ್ಟೆ ಮಾರಾಯ್ತಿ! ನನ್ನ ದೋಣೀನ ಕೊಂದ್ಬಿಟ್ಯಲ್ಲೇ!"

ರೋಜೆನ್ ಮುಖ ಒರೆಸಿಕೊಂಡು ಪುಟ್ಟ ಸುತ್ತಿಗೆಯಿಂದ ತಳವನ್ನು ತಟ್ಟುತ್ತಾ ಹೋಗುತ್ತಾರೆ. ಸದ್ದು ಮಂದವಾದಲ್ಲೆಲ್ಲ ಸೀಮೆಸುಣ್ಣದ ಗೆರೆ. ಗೆರೆಯೊಳಗಿನ ಜಾಗ ಒಂದು ಬಾಗಿಲಿನಷ್ಟಾಗುತ್ತದೆ. ದೋಣಿ ಮಗುಚದಂತೆ ಹಿಡಿದಿಡುವ ಎರಡು ಟನ್ನಿನ ಸೀಸದ ಕೀಲ್‌ನ ಬುಡ ಮುಟ್ಟುತ್ತದೆ. ತೂತಿಗೆ ಬೆರಳು ಹಾಕಿ, ಕೊಳೆತ ಮರದ ಹಿಟ್ಟು ತೆಗೆದು, ಹೆರ್ವೆಯ ಅಂಗೈಗಿಡುತ್ತಾರೆ.

"ಆ ಸೀಸ ಎಲ್ಲಾ ನೇತಾಡ್ತಿರೋದು ಇದಕ್ಕೆ, ಮೇಷ್ಟ್ರೇ."

ಹೆರ್ವೆ ಅಂಗೈ ನೋಡುತ್ತಾ ಬಕೆಟ್ಟಿನ ಮೇಲೆ ಕುಸಿಯುತ್ತಾರೆ. "ಮಗೂನ ಇದ್ರಲ್ಲಿ..."

"ಮುಂದಿನ ಬೇಸಿಗೆಗೆ ಹೋಗಿ. ಅಷ್ಟರಲ್ಲಿ ಅವಳಿಗೆ ಈಜು ಕಲಿಸಿ," ಎನ್ನುತ್ತಾರೆ ರೋಜೆನ್, ಡ್ರಿಲ್ ಒರೆಸುತ್ತಾ.

ಯಾವ ದೋಣಿಯೇ ಆಗಲಿ, ಕ್ರೇನು ಅದನ್ನು ನೀರಿಗಿಳಿಸುವಾಗ ರೋಜೆನ್ ಒಳಗೆ ಕೂತು, ನೀರು ಜಿನುಗುತ್ತದೆಯೇ ಎಂದು ತಿಳಿಯಲು ಹೊಸ ಸಾಧನದ ಬುಡಕ್ಕೆ ಅಂಗೈ ಒತ್ತಿಕೊಂಡಿರುತ್ತಾರೆ. ಅವರು ಹೂಂ ಅನ್ನುವವರೆಗೆ ಕ್ರೇನಿನ ಪಟ್ಟಿ ಬಿಚ್ಚುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಈ ದೋಣಿ ರಿಪೇರಿಯಾಗಿ ನೀರಿಗಿಳಿಯೋ ದಿನ ಭುಜ ಹೇಗೇ ಇರ್ಲಿ, ಒಳಗೆ ನಾನೇ ಕೂರ್ಬೇಕು. ಅಂಗೈ ಒದ್ದೆಯಾಗದಿದ್ರೆ ಸಾಕು."