ರ‍್ಯಾಟಿಫೈ ಅಂದ್ರೆ ಏನು ಕಣ್ಣು?

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಹಲ್ಲು ಜುಮ್ಮೆನ್ನುತ್ತಲೇ ಇರುತ್ತಿತ್ತು. ಹುಣಿಸೆಹಣ್ಣಿಗೆ ಉಪ್ಪು, ಒಣಮೆಣಸಿನಕಾಯಿ, ಬೆಲ್ಲ ಸೇರಿಸಿ ಕುಟ್ಟಿ, ಕಡ್ಡಿಯ ತುದಿಗೆ ಮೆತ್ತಿಕೊಂಡು ದಿನವೆಲ್ಲ ಚೀಪುತ್ತಿದ್ದೆವು. ನೀವೂ ಚೀಪಿರುತ್ತೀರಿ. ನಮ್ಮ ಹುಣಿಸೆ ಬರುತ್ತಿದ್ದುದು ನಾಲೆ ಏರಿಯ ಆಚೆಗಿದ್ದ ಒಂದೇ ಮರದಿಂದ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಅದಕ್ಕೆ ತಮಿಳರ ಮರ ಎಂದೇ ಹೆಸರು.

ನಾಲೆ ತೋಡಲು ಬಂದ ತಮಿಳರು ಅಲ್ಲೇ ಒಂದು ಸಾಲು ಮನೆ ಕಟ್ಟಿಕೊಂಡು ಉಳಿದಿದ್ದರು. ಅವರಲ್ಲಿ ಯಾರು ಸತ್ತರೂ ಆ ಮರದ ಕೆಳಗೇ ಮಣ್ಣು ಮಾಡುತ್ತಿದ್ದರು. ನನ್ನ ಜೊತೆ ಓದುತ್ತಿದ್ದ ಸೆಲ್ವಿಯ ಅಪ್ಪನೂ ಅಲ್ಲಿದ್ದ. ಸೆಲ್ವಿಯ ಅಮ್ಮ ಪಳನಿಯಮ್ಮ ನನಗೆ ಪಳನಿಯತ್ತೆ. ಶುಕ್ರವಾರ ಗಂಡನ ಗುಡ್ಡೆಗೆ ಸಗಣಿ ಸಾರಿಸಿ, ಪಕ್ಕದ ಖಾಲಿ ಜಾಗವನ್ನೂ ಸಾರಿಸುತ್ತಿದ್ದಳು. ನಾವು ಅದೇ ಜಾಗದಲ್ಲಿ ಗುಳಿ ತೋಡಿ ಹುಣಿಸೆಬೀಜದಲ್ಲಿ ಅಳಗುಳಿಮನೆ ಆಡುತ್ತಿದ್ದೆವು.

"ಲೇ, ಏಳ್ರೇ ಮೇಲಕ್ಕೆ. ಅದು ನನ್ನ ಮನೆ," ಎಂದು ಪೊರಕೆ ಎತ್ತುವಳು.

"ನೀನಿನ್ನೂ ಬಂದಿಲ್ವಲ್ಲತ್ತೆ," ಎಂದರೆ ನಗುವಳು. "ಬತ್ತೀನಿ. ಅಲ್ಲೀಗಂಟ ಬಾಡಿಗೆ ಇಲ್ದೆ ಆಡ್ಕೊಳ್ಳಿ."

ಮನೆಗೆ ಕರೆದು ಕಂಬಿನ ಕೂಳು ಕೊಡುವಳು. ಅಂದರೆ ಸಜ್ಜೆಯ ಅಂಬಲಿ. ನೆಂಚಿಕೊಳ್ಳಲು ಕರಿದ ಮೊಸರುಮೆಣಸಿನಕಾಯಿ. ಆ ಘಾಟು ಈಗಲೂ ಮೂಗಿನಲ್ಲಿದೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಶಾಲೆಯ ಅಂಗಳದಲ್ಲಿ ಊರಸಭೆ ಸೇರಿತು. ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದಿದ್ದ. ನಮ್ಮವರೆಲ್ಲ ಬೆಂಚಿನ ಮೇಲೆ, ಸಾಲಿನವರು ನೆಲದ ಮೇಲೆ. ಕಾವೇರಿ ಗಲಾಟೆ ಎದ್ದು ಹೋದ ಮೇಲೆ ಅವರು ನಮ್ಮೂರಿನ ನಡುವೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದರು. ಮರದ ಜಾಗವನ್ನು ಗೋದಾಮಿಗೆಂದು ಮೇಲಿನವರು ಆಗಲೇ ಗೊತ್ತು ಮಾಡಿದ್ದರು. ಅಧಿಕಾರಿ ಸರ್ವೆ ನಂಬರು ಓದಿದ, ಮರದ ಹೆಸರು ಎತ್ತಲಿಲ್ಲ. "ಸಭೆ ಇದನ್ನ ರ‍್ಯಾಟಿಫೈ ಮಾಡಬೇಕು, ಕೈ ಎತ್ತಿ," ಎಂದ. ಬೆಂಚಿನ ಮೇಲೆ ಕೈಗಳು ಎದ್ದವು. ನೆಲದ ಮೇಲೆ ಒಂದೂ ಏಳಲಿಲ್ಲ.

ಪಂಚಾಯ್ತಿ ಗುಮಾಸ್ತ ಪೆನ್ನು ತೋರಿಸಿಕೊಂಡು ಎಣಿಸುತ್ತಿದ್ದ. ಅಷ್ಟರಲ್ಲಿ ಅಧಿಕಾರಿ ಎದ್ದು, ಬರ್ತೀನಿ ಎನ್ನುವ ಹಾಗೆ ಕೈ ಮುಗಿದ. ಸಾಲಿನವರು ದಡಬಡ ಎದ್ದು, ತಮ್ಮ ವಾಡಿಕೆಯಂತೆ ಎರಡೂ ಕೈ ಜೋಡಿಸಿ ತಲೆಯ ಮೇಲಕ್ಕೆತ್ತಿದರು. ದೇವರಿಗೂ ಹಾಗೆಯೇ, ದೊಡ್ಡವರಿಗೂ ಹಾಗೆಯೇ ಅವರು ಕೈ ಮುಗಿಯುತ್ತಿದ್ದುದು. ಗುಮಾಸ್ತನ ಪೆನ್ನು ನಿಲ್ಲಲಿಲ್ಲ. ಅವರ ಮೇಲೂ ಹರಿದು ಹೋಯಿತು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಮಾರನೆಯ ದಿನ ಗುಮಾಸ್ತ ಸಾಲಿಗೆ ಹೋಗಿ, ಇನ್ನು ಅಲ್ಲಿ ಹೆಣ ಹೂಳಬೇಡಿ, ನೀವೂ ರ‍್ಯಾಟಿಫೈ ಮಾಡಿದ್ದೀರಿ ಎಂದು ಹೇಳಿ ಬಂದ. ಮಕ್ಕಳನ್ನೆಲ್ಲ ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದ ಪಳನಿಯತ್ತೆ ನನ್ನನ್ನು ತಡೆದು ನಿಲ್ಲಿಸಿದಳು.

"ರ‍್ಯಾಟಿಫೈ ಅಂದ್ರೆ ಏನು ಕಣ್ಣು? ಸೆಲ್ವಿಗೆ ಗೊತ್ತಿಲ್ವಂತೆ."

ನನಗೂ ಗೊತ್ತಿರಲಿಲ್ಲ. ಮೇಷ್ಟ್ರ ಮನೆಗೆ ಓಡಿದೆ. "ಬೇರೆಯವರು ಮೊದಲೇ ಮಾಡಿರೋ ತೀರ್ಮಾನಕ್ಕೆ ಆಮೇಲೆ ನಾವೂ ಒಪ್ಪಿಗೆ ಕೊಡೋದು," ಎಂದರು. ಆಮೇಲೆ ಮೆಲ್ಲಗೆ, "ನಾನು ಹೇಳ್ದೆ ಅನ್ಬೇಡ," ಎಂದರು. ಅದನ್ನೇ ಬಂದು ಅತ್ತೆಗೆ ಒಪ್ಪಿಸಿದೆ.

"ಅಂದ್ರೆ, ಹೆಣ್ಣನ್ನ ಗಂಡನ ಮನೇಗೆ ಕಳ್ಸಾದ ಮ್ಯಾಲೆ ಹೆತ್ತೋಳ್ನ ಕೇಳಿದಂಗೆ," ಎಂದಳು. "ಒಪ್ಪು ಅನ್ನೋ ಮಾತು ನಿಮ್ಮಲ್ಲೂ ಒಪ್ಪೇ, ತಮಿಳಲ್ಲೂ ಒಪ್ಪೇ. ಒಪ್ತೀರಾ ಅಂದಿದ್ರೆ ನನಗೆ ತಿಳೀತಿತ್ತು. ಇಲ್ಲ ಅಂತಿದ್ದೆ. ಅದಕ್ಕೇ ಅನ್ನಲಿಲ್ಲ."

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವನೂ ಬೆಂಚಿನ ಮೇಲೆ ಕೂತಿದ್ದವನೇ.

"ಅವ್ರು ಕೈ ಎತ್ತಿದ್ನ ನಾನೂ ನೋಡ್ದೆ ಕಣವ್ವ."

"ಕೈ ಮುಗಿದಿದ್ದಲ್ವಾಪ್ಪ?"

"ಎತ್ತಿದ್ರಲ್ಲ."

"ನಿಂಗೂ ಅಂಗೇ ತಾನೆ ಅವ್ರು ಕೈ ಮುಗಿಯೋದು? ದಿನಾ ನೋಡಲ್ವಾ?"

"ಆಗೋಯ್ತು ಬುಡು. ಉಣ್ಣು," ಎಂದು ತಟ್ಟೆಯ ಮುಂದೆ ತಲೆ ತಗ್ಗಿಸಿದ.

ಅಪ್ಪ ಕೆಟ್ಟವನಲ್ಲ. ಈ ಮಾತನ್ನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ, ಈಗ ಹೇಳಿಕೊಳ್ಳುವುದಿಲ್ಲ. ಆ ಸಾಲಿನವರು ಹೇಗೆ ಕೈ ಮುಗಿಯುತ್ತಾರೆಂದು ಊರಿನ ಕೂಸಿಗೂ ಗೊತ್ತಿತ್ತು. ಅಧಿಕಾರಿ ಹೊರಗಿನವನು, ಅವನಿಗೆ ತಿಳಿಯಲಿಲ್ಲ ಎನ್ನೋಣ. ನಮ್ಮವರಿಗೆ? "ಸ್ವಾಮಿ, ಅದು ನಮಸ್ಕಾರ, ಒಪ್ಪಿಗೆಯಲ್ಲ" ಎಂದು ಒಬ್ಬ ಎದ್ದು ನಿಂತಿದ್ದರೆ ಸಾಕಾಗಿತ್ತು.

ಮಳೆಗೆ ಮುಂಚೆಯೇ ಮರ ಕಡಿದರು. ಕಾಯಿ ಇನ್ನೂ ಕೊಂಬೆಯಲ್ಲಿತ್ತು. ಗುಡ್ಡೆಗಳ ಮೇಲೆ ಸಿಮೆಂಟು ಬಿತ್ತು. ಗೋದಾಮಿನಲ್ಲಿ ಒಂದು ಮೂಟೆಯನ್ನೂ ಇಟ್ಟಿದ್ದನ್ನು ನಾನು ಕಾಣೆ. ಬೀಗ ತುಕ್ಕು ಹಿಡಿದು ನೇತಾಡುತ್ತಿದೆ. ಪಳನಿಯತ್ತೆ ಮಾತ್ರ ಶುಕ್ರವಾರ ಬಂದು ಅದರ ಗೋಡೆಯ ಬುಡಕ್ಕೆ ಸಗಣಿ ಸಾರಿಸಿ ಹೋಗುತ್ತಿದ್ದಳು.

ಹೋದ ತಿಂಗಳು ಅವಳು ತೀರಿಕೊಂಡಳು, ಮದ್ದೂರಿನಲ್ಲಿ, ಸೆಲ್ವಿಯ ಮನೆಯಲ್ಲಿ. ಕೊನೆಕೊನೆಗೆ ಒಂದೇ ಮಾತು: "ಅವರ ಪಕ್ಕ ಮಲಗಿಸಿ." ನಾನೂ ಸೆಲ್ವಿಯೂ ಊರಿಗೆ ಹೋಗಿ, ಗೋಡೆಯ ಹೊರಗೆ ಒಂದಾಳುದ್ದದ ಜಾಗ ಕೇಳಿದೆವು. ಪಂಚಾಯ್ತಿ ಆಫೀಸಿನ ಕುರ್ಚಿಯಲ್ಲಿದ್ದವನು ನಮಗಿಂತ ಚಿಕ್ಕವನು. ಫೋನಿನಿಂದ ತಲೆ ಎತ್ತದೆ, "ಅದು ಆವತ್ತೇ ರ‍್ಯಾಟಿಫೈ ಆಗೋಗದೆ ಕಣಕ್ಕ," ಎಂದ. ಸೆಲ್ವಿ ನನ್ನ ಕೈ ಅದುಮಿದಳು. ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮದ್ದೂರಿನ ಆಚೆ, ಗುರುತಿಲ್ಲದವರ ನಡುವೆ ಅವಳನ್ನು ಇಳಿಸಿದೆವು. ಸುತ್ತ ಒಂದು ಗಿಡವಿಲ್ಲ. ಈಗ ಅಂಗಡಿಯಲ್ಲಿ ಹುಣಿಸೆ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಬೀಜವೂ ಇರುವುದಿಲ್ಲ. ಅಳಗುಳಿಮನೆಗೆ ಗುಳಿ ತೋಡೋಣವೆಂದರೆ ನೆಲವೂ ಇಲ್ಲ. ಬಾಡಿಗೆ ಇಲ್ದೆ ಆಡ್ಕೊಳ್ಳಿ ಎನ್ನುವ ಬಾಯಿಗೂ ಮಣ್ಣು ಬಿತ್ತು.

ಮಣ್ಣು ಮುಚ್ಚಿದ ಮೇಲೆ ಸಾಲಿನಿಂದ ಬಂದಿದ್ದ ನಾಲ್ಕಾರು ಮುದುಕಿಯರು ತಲೆಯ ಮೇಲಕ್ಕೆ ಕೈ ಎತ್ತಿ ಜೋಡಿಸಿದರು. ನಾನೂ ಎತ್ತಿದೆ. ಎತ್ತಿಕೊಂಡೇ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದೆ, ಯಾರಾದರೂ ಎಣಿಸುತ್ತಿದ್ದಾರೇನೋ ಎಂದು.