ಐದನೆಯ ಮನೆ

ಆರು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ನನ್ನ ಮೈಯೆಲ್ಲ ಸೆಟೆದುಹೋಗಿತ್ತಂತೆ. ಅಜ್ಜಿ ಮೊಹರಮ್ಮಿನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತಳು: ಕೂಸು ಉಳಿದರೆ ಮದುವೆಯಾಗುವ ತನಕ ಪ್ರತಿ ವರ್ಷ ಫಕೀರ ಆಗುತ್ತಾಳೆ. ಉಳಿದೆ. ನಮ್ಮ ಬಿಳೂರಿನಲ್ಲಿ ವಿಭೂತಿ ಹಚ್ಚುವ ಮನೆಯ ಮಕ್ಕಳು ಫಕೀರರಾಗುವುದೇನೂ ಹೊಸದಲ್ಲ. ಕೊರಳಿಗೆ ಲಾಡಿ ಅನ್ನುವ ಕೆಂಪು ದಾರ ಹಾಕಿಕೊಂಡು ಐದು ಮನೆ ಬೇಡಬೇಕು. ಐದನೆಯದು ನಮ್ಮದೇ ಮನೆ. ಅಜ್ಜಿ ಹೊಸ್ತಿಲಲ್ಲಿ ನಿಂತು ಜೋಳ ನೀಡಿದರೆ ಆ ವರ್ಷದ ಹರಕೆ ಮುಗಿಯಿತು.

ಲಾಡಿ ಕಟ್ಟುತ್ತಿದ್ದವಳು ಪಕ್ಕದ ಮನೆಯ ಮುದುಕಿ. ಓಣಿಯೆಲ್ಲ ಅವಳನ್ನು ಅವಳ ಉರ್ದುವಿನಲ್ಲೇ ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಿತ್ತು. ಅಜ್ಜಿ ಒಂದು ಕವಡೆ ಪೋಣಿಸಿದ್ದ ಆ ದಾರ ವರ್ಷವಿಡೀ ಖಾಲಾಳ ಮನೆಯ ಗೂಟದಲ್ಲೇ ಇರುತ್ತಿತ್ತು.

"ಲಾಡಿ ಹಾಕ್ಕೊಂಡಷ್ಟ ವರ್ಷ ನಿನ್ನ ಜೀವ ನಿಂದವಾ," ಎನ್ನುತ್ತಿದ್ದಳು ಅಜ್ಜಿ. ನಾನು ಅದನ್ನು ಹಾಗೆಯೇ ನಂಬಿದ್ದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಮುಂದೆ ಮೊಹರಮ್ಮಿನ ಚಂದ್ರ ಕಂಡಾಗ ಕಾಕಾ ಮೊಬೈಲಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟ. "ನಮಗ ದೇವ್ರ ಇಲ್ಲೇನು? ಇನ್ನ ಅವರ ಬಾಗಲಕ ಹೋಗೂದು ಬ್ಯಾಡ." ಅವರು ಅಂದರೆ ಯಾರೆಂದು ನನಗೆ ಹೊಳೆಯಲಿಲ್ಲ. ಖಾಲಾ ಎಂದು ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ಅಪ್ಪ ಎದ್ದು ಹಿತ್ತಿಲಿಗೆ ಹೋದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು.

ಹಾಗಾದರೆ ನಾನು ಸಾಯುತ್ತೇನೆ ಎಂದುಕೊಂಡೆ. ಅಳು ಬರಲಿಲ್ಲ. ಹೆದರಿಕೆಯೂ ಅಲ್ಲ, ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು. ಹೊಸ ಕಂಪಾಸ್ ಪೆಟ್ಟಿಗೆಯನ್ನು ತಮ್ಮನಿಗೆ ಕೊಟ್ಟುಬಿಟ್ಟೆ. ಊಟ ಸೇರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದಳು.

ದೇವರುಗಳನ್ನು ಕಳಿಸುವ ಕಡೆಯ ದಿನ ಬೆಳಿಗ್ಗೆ ಖಾಲಾ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಜೋಳಿಗೆ. ಕೊರಳಲ್ಲಿ ನನ್ನ ಲಾಡಿ, ಅದೇ ಕವಡೆ. ಮಕ್ಕಳ ಅಳತೆಯ ದಾರ, ಗಂಟಲಿಗೆ ಒತ್ತಿಕೊಂಡಿತ್ತು.

"ಫಕೀರ ಬಂದೇನ್ರಿ. ನಾಕ ಮನಿ ಆದುವು, ಇದೊಂದ ಉಳದೈತಿ," ಎಂದಳು. ಆಮೇಲೆ ಮೆಲ್ಲಗೆ, "ನಂದಲ್ರಿ, ಕೂಸಿಂದು."

ಕಾಕಾನನ್ನು ಸಣ್ಣವನಿದ್ದಾಗ ಎತ್ತಿ ಆಡಿಸಿದವಳು ಅವಳು. ಕಾಕಾ ಅವಳ ಮುಖ ನೋಡಲಿಲ್ಲ.

"ಮುಂದಿನ ಮನಿಗೆ ಹೋಗ್ರಿ."

ಬಸ್ ಸ್ಟ್ಯಾಂಡಿನಲ್ಲಿ ಕೈಯೊಡ್ಡುವವರಿಗೆ ಹೇಳುವ ಮಾತದು. ನೆನೆದರೆ ಈಗ ಮೈ ಉರಿಯುತ್ತದೆ, ಆಗ ಉರಿಯಲಿಲ್ಲ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಒಂದು ಮನೆ ಕಡಿಮೆ ಬಿದ್ದಿದೆ. ಜೋಳದ ಡಬ್ಬಿಗೆ ಕೈ ಹಾಕಿ ಬೊಗಸೆ ತುಂಬಿಕೊಂಡು ಓಡಿದೆ. ಕಾಕಾ ರಟ್ಟೆ ಹಿಡಿದು ಜಗ್ಗಿದ. ಜೋಳ ಚೆಲ್ಲಿತು, ಅರ್ಧ ಹೊಸ್ತಿಲ ಒಳಗೆ, ಅರ್ಧ ಹೊರಗೆ.

ಖಾಲಾ ಕುಕ್ಕರಗಾಲಿನಲ್ಲಿ ಕೂತು ಹೊರಗೆ ಬಿದ್ದ ಕಾಳನ್ನಷ್ಟೇ ಆರಿಸಿ ಜೋಳಿಗೆಗೆ ಹಾಕಿಕೊಂಡಳು. ಒಳಗಿನದಕ್ಕೆ ಕೈ ಚಾಚಲಿಲ್ಲ. "ಐದಾದುವು," ಎಂದು ನನಗೆ ಹೇಳಿ ಹೋದಳು.

"ಹರಕಿ ಬಿಡಿಸಿದ್ವಿ, ಏನಾತು ಇಕಿಗೆ? ಗುಂಡಕಲ್ಲಿನಂಗ ಅದಾಳ," ಎಂದು ಕಾಕಾ ಇವತ್ತಿಗೂ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾನೆ. ನಾನು ಚಹಾ ಕೊಟ್ಟು ಒಳಗೆ ಬರುತ್ತೇನೆ.

ಆ ದಿನ ಒಳಗೆ ಬಂದವಳೇ ತಮ್ಮನ ಕೈಯಿಂದ ಕಂಪಾಸ್ ಪೆಟ್ಟಿಗೆ ವಾಪಸ್ ಕಸಿದುಕೊಂಡಿದ್ದೆ. ಇನ್ನು ಅದು ನನಗೇ ಬೇಕಾಗಿತ್ತು.